ಕ್ವಿಕ್ ಆಕ್ಸೆಸ್ ಮೆನು: ಕನ್ನಡದಲ್ಲಿ ಏನನ್ನೋಣ?

ಎಲ್ರಿಗೂ ನಮಸ್ಕಾರ,

ಬೆಂಗಳೂರಲ್ಲಿ ನಮ್ಮ ಏರಿಯಾದ ಶಾಲೆ ಲ್ಯಾಬಿನ ಕಂಪ್ಯೂಟರುಗಳಲ್ಲಿ ವಿಂಡೋಸ್ ಬದಲು ಉಬುಂಟು ಇದೆ, ಅದರ ಗ್ನೋಮ್ ಡೆಸ್ಕ್‌ಟಾಪಿಗೆ (ಕಣ್ಣಿಗೆ ಕಾಣೋ ಮೆನು, ಕಿಟಕಿ ಎಲ್ಲಾ ಅದೇ) "ಕ್ವಿಕ್ ಆಕ್ಸೆಸ್ ಮೆನು" ಅನ್ನೋ ಒಂದು ಚಿಕ್ಕ ಎಕ್ಸ್‌ಟೆನ್ಷನ್, ಅಂದ್ರೆ ಮೇಲಿಂದ ಸೇರಿಸೋ ಪುಟ್ಟ ಪ್ರೋಗ್ರಾಮು, ಹಾಕಿ ಅದಕ್ಕೆ ಕನ್ನಡ ಪಿಓ ಫೈಲು (ಇಂಗ್ಲಿಷ್ ಪದಗಳ ಅನುವಾದ ಬರೆದಿಡೋ ಫೈಲು) ಮಾಡ್ತಿದೀನಿ. ಗ್ನೋಮಿನವ್ರದ್ದೇ ಪ್ಲೇಸಸ್ ಮೆನು ನೋಡಿದೀರಲ್ಲ, ಅದೇ ಥರ, ಮೇಲ್ಗಡೆ ಪಟ್ಟಿಯಲ್ಲಿ ಒತ್ತಿದ್ರೆ ಹೋಮ್, ಡೌನ್‌ಲೋಡ್ಸ್, ಬುಕ್‌ಮಾರ್ಕ್ ಮಾಡಿಟ್ಟ ಫೋಲ್ಡರು, ಹಾಕಿರೋ ಪೆನ್‌ಡ್ರೈವು ಎಲ್ಲಾ ಒಂದೇ ಕಡೆ ಸಿಗತ್ತೆ. ನನ್ನ ಪ್ರಶ್ನೆ ಪದಗಳದ್ದು.

ಮೆನು ಹೆಸರಿಗೆ "ಕ್ಷಿಪ್ರ ಪ್ರವೇಶ ಪರಿವಿಡಿ" ಅಂತ ಒಬ್ರು ಸೂಚಿಸಿದ್ರು. ಪ್ರವೇಶ ಅಂದ್ರೆ ಮಕ್ಕಳಿಗೆ ಅಡ್ಮಿಷನ್ನು, ಪರಿವಿಡಿ ಅಂದ್ರೆ ಪುಸ್ತಕದ ಮೊದಲ ಪುಟ, ಮೂರೂ ಸೇರಿ ಯಾವ್ದೋ ಸುತ್ತೋಲೆ ಥರ ಕೇಳ್ಸತ್ತೆ. ಮೆನು ಅನ್ನೋದನ್ನ ಹಂಗೇ ಬಿಡೋಣ, ದರ್ಶಿನಿಗೆ ಹೋಗೋ ಎಲ್ರಿಗೂ ಅದು ಗೊತ್ತು. ಬಾಕಿ ಉಳಿಯೋದು ಕ್ವಿಕ್. "ಥಟ್ ಮೆನು" ನಂಗಿಷ್ಟ, ಆದ್ರೆ ಗ್ನೋಮ್ 43ರಿಂದ ಬಲಗಡೆ ಮೂಲೆಯಲ್ಲಿ ಕ್ವಿಕ್ ಸೆಟಿಂಗ್ಸ್ ಬೇರೆ ಇದೆ, ವೈಫೈ ಸೌಂಡು ಎಲ್ಲಾ ಅಲ್ಲೇ, ಎರಡಕ್ಕೂ ಒಂದೇ ಪದ ಹೊಂದಬೇಕಲ್ವಾ? "ಥಟ್ ಸೆಟಿಂಗ್ಸ್" ಅನ್ನೋಕೆ ಬಾಯಿ ಬರ್ತಿಲ್ಲ. "ಕೈಗೆಟುಕು ಮೆನು" ಅರ್ಥಕ್ಕೆ ಹತ್ರ, ಆದ್ರೆ ಕೈಗೆಟುಕೋದು ಅಂದ ತಕ್ಷಣ ಜನಕ್ಕೆ ರೇಟು ನೆನಪಾಗತ್ತೆ.

ಎಕ್ಸ್‌ಟೆನ್ಷನ್ನಿಗೆ ವಿಸ್ತರಣೆ ಅಂತಾರೆ, ಅದೇ ಪದವನ್ನ ಫೈಲ್ ಹೆಸರಿನ ಕೊನೇಲಿ ಬರೋ ಡಾಟ್ ಟಿಎಕ್ಸ್‌ಟಿ ಭಾಗಕ್ಕೂ ಬಳಸ್ತಾರೆ. ಮಲ್ಲೇಶ್ವರ, ಬಸವನಗುಡಿನ ಎಕ್ಸ್‌ಟೆನ್ಷನ್ ಅಂತಿದ್ದ ಊರು ಬೇರೆ ನಮ್ದು, ಅಲ್ಲಿ ಬಡಾವಣೆ ಅನ್ನೋ ಒಳ್ಳೇ ಪದ ಸಿಕ್ತು, ಇಲ್ಲಿ ಅದು ನಡಿಯಲ್ಲ ಬಿಡಿ. ನಾನು "ಸೇರಿಕೆ" ಅಂತ ಹಾಕಿದೀನಿ, ಒಪ್ಪಿಗೆ ಆಗತ್ತಾ?

ಪಿನ್ ಮಾಡೋದಕ್ಕೆ, ಅಂದ್ರೆ ಬೇಕಾದ್ದನ್ನ ಮೆನುನಲ್ಲಿ ಕಾಯಂ ಇಟ್ಕೊಳ್ಳೋದಕ್ಕೆ, "ಅಂಟಿಸು" ಅನ್ನಂಗಿಲ್ಲ, ಅದು ಪೇಸ್ಟಿಗೆ ಹೋಗಿದೆ. "ಸಿಕ್ಕಿಸು" ಸರಿಹೋಗತ್ತೆ ಅಂತ ನನ್ನ ಲೆಕ್ಕ.

ನಿಜವಾಗ್ಲೂ ಕಾಡ್ತಿರೋದು "ತೆರೆ". ಓಪನ್ ಅನ್ನೋದಕ್ಕೂ ತೆರೆ, ಸ್ಕ್ರೀನಿಗೂ ತೆರೆ. ಡೆಸ್ಕ್‌ಟಾಪಿಗೆ "ಗಣಕತೆರೆ" ಅಂತ ಬರೆದಿರೋದನ್ನ ಹೊಸಬರು ಕಂಪ್ಯೂಟರ್ ಓಪನ್ ಮಾಡು ಅಂತ ಓದಿದ್ರೆ ತಪ್ಪು ಅವರದ್ದಲ್ಲ. ಜೊತೆಗೆ ಮರ್ಯಾದೆ ಪ್ರಶ್ನೆ: ಮೆನುನಲ್ಲಿ "ತೆರೆ" ಅನ್ನೋದು ನಾವು ಮೆಷೀನಿಗೆ ಹೇಳೋ ಮಾತು, ಏಕವಚನ ಸಾಕು. "ಫೋಲ್ಡರ್ ಆರಿಸಿ" ಅನ್ನೋದು ಮೆಷೀನು ನಮಗೆ ಹೇಳೋದು, ಅಲ್ಲಿ ಬಹುವಚನ ಬೇಕು. ಈಗಿರೋ ಅನುವಾದಗಳಲ್ಲಿ ಇವೆರಡೂ ಕಲಸಿಹೋಗಿರತ್ತೆ. ಹಿಂಗೆ ಬೇರೆ ಮಾಡೋದು ಸರೀನಾ, ಇಲ್ಲ ಎಲ್ಲಾ ಕಡೆ "ತೆರೆಯಿರಿ" ಅಂತ್ಲೇ ಇಡೋದಾ? ಟೀಚರುಗಳಿಗೆ "ತೆರೆ" ಒರಟು ಅನ್ನಿಸ್ತಂತೆ, ಮಕ್ಕಳಿಗೆ ಏನೂ ಅನ್ನಿಸ್ಲಿಲ್ಲ.

ಮೇಲ್ಗಡೆ ಪಟ್ಟಿಯಲ್ಲಿ ಜಾಗ ಕಮ್ಮಿ, ಮೆನು ಹೆಸರು ಎರಡು ಪದ ದಾಟದೇ ಇದ್ರೆ ಒಳ್ಳೇದು.