ಸಹಾಯ ಬೇಕು: ಕ್ಲಸ್ಟರ್ ತಲೆನೋವು, ಬಲ ಮೂಗು ಮತ್ತು ಆಪರೇಷನ್

ಎಲ್ಲರಿಗೂ ನಮಸ್ಕಾರ. ನನ್ನ ತಮ್ಮನಿಗೆ ಕ್ಲಸ್ಟರ್ ತಲೆನೋವು, ಅಂದ್ರೆ ಕೆಲವು ವಾರ ಮೇಲಿಂದ ಮೇಲೆ ಬಂದು ಆಮೇಲೆ ತಿಂಗಳುಗಟ್ಟಲೆ ಬಿಡುವು ಕೊಡುವ, ತಲೆಯ ಒಂದೇ ಬದಿಯ ವಿಪರೀತ ನೋವು. ರಾತ್ರಿ ನಿದ್ದೆ ಹತ್ತಿದ ಮೇಲೆ ಬಲಗಣ್ಣಿನ ಹಿಂದೆ ಶುರುವಾಗುತ್ತದೆ. ಮಲಗಲು ಆಗಲ್ಲ, ಹಾಲ್‌ನಲ್ಲಿ ಅತ್ತಿಂದಿತ್ತ ಓಡಾಡುತ್ತಾನೆ. ಕಣ್ಣು ಕೆಂಪಗಾಗಿ ನೀರು ಸುರಿಯುತ್ತದೆ, ರೆಪ್ಪೆ ಜೋತು ಬೀಳುತ್ತದೆ, ಬಲ ಹೊಳ್ಳೆ ಮಾತ್ರ ಕಟ್ಟಿಕೊಳ್ಳುತ್ತದೆ. ನೋವು ಇಳಿದರೆ ಮೂಗೂ ಬಿಡುತ್ತದೆ.

ಈ ಮೂಗಿನ ದೆಸೆಯಿಂದಲೇ ಬಹಳ ದಿನ ಸೈನಸ್ ಅಂತ ಆಂಟಿಬಯೋಟಿಕ್ ನುಂಗಿದ್ದಾಯ್ತು. ಸುಮ್ನೆ ದಂಡ. ಮುಖದ ನೋವಿನ ನರ ಕೆರಳಿದಾಗ ಅದೇ ಬದಿಯ ಮೂಗಿನ ರಕ್ತನಾಳ ಹಿಗ್ಗಿ ಒಳಪೊರೆ ಊದಿಕೊಳ್ಳುತ್ತದಂತೆ. ಅದಕ್ಕೆ ಸೋಂಕೇ ಬೇಕಿಲ್ಲ.

ಈಗ ಸ್ಕ್ಯಾನ್‌ನಲ್ಲಿ ಮೂಗಿನ ನಡುಗೋಡೆ ಬಲಕ್ಕೆ ಬಾಗಿದೆ ಅಂತ ಬಂದಿದೆ. ಇಎನ್‌ಟಿ ಡಾಕ್ಟರ್ ಆಪರೇಷನ್ ಅಂತಾರೆ. ನರರೋಗದ ಡಾಕ್ಟರ್ ಬೇಡ ಅಂತಾರೆ, ತಲೆನೋವಿಲ್ಲದ ಎಷ್ಟೋ ಜನರಿಗೂ ಗೋಡೆ ಬಾಗಿರುತ್ತದೆ ಅಲ್ವಾ ಅಂತ. ನನಗೆ ಇವರ ಮಾತೇ ಸರಿ ಅನಿಸುತ್ತಿದೆ.

ಯಾರಾದರೂ ಆಪರೇಷನ್ ಮಾಡಿಸಿದ್ದೀರಾ? ಆಮೇಲೆ ನೋವು ಕಮ್ಮಿ ಆಯ್ತಾ, ಇಲ್ಲ ಮೂಗು ಮಾತ್ರ ಸರಿಹೋಯ್ತಾ? ನೋವಿಲ್ಲದ ತಿಂಗಳುಗಳಲ್ಲೂ ಅದೇ ಬದಿ ಕಟ್ಟಿರುತ್ತಾ?

ಇನ್ನೊಂದು, ನೋವು ಬಂದಾಗ ಮಾಸ್ಕ್ ಹಾಕಿ ನಿಮಿಷಕ್ಕೆ 12 ಲೀಟರ್ ಆಕ್ಸಿಜನ್ ಕೊಡಲು ಬರೆದಿದ್ದಾರೆ. ಮೈಸೂರಿನಲ್ಲಿ ಸಿಲಿಂಡರ್ ಬಾಡಿಗೆಗೆ ಎಲ್ಲಿ ಸಿಗುತ್ತದೆ? ಮನೆಮದ್ದು ಮಾತ್ರ ಬೇಡ ದಯವಿಟ್ಟು, ಹಬೆ ತಗೊಂಡು ತಗೊಂಡು ಅವನಿಗೆ ಸಾಕಾಗಿದೆ.