ಪದಚರ್ಚೆ: ‘ಮುಂದುವರಿದ ಅಂತ್ಯ’ ಸರಿಯೇ?

ಪ್ರಶ್ನೆ:

ಜಪಾನಿನ ಅನಿಮೆಗಳ (ಅನಿಮೇಷನ್ ಸರಣಿ, ಸಿನಿಮಾಗಳ) ಪರಿಚಯ ಬರಹವೊಂದನ್ನು ತಿದ್ದುವಾಗ ಈ ವಾಕ್ಯ ಎದುರಾಯಿತು: ‘ಈ ಚಲನಚಿತ್ರವು ಟಿವಿ ಸರಣಿಯ ಮುಂದುವರಿದ ಅಂತ್ಯವಾಗಿದೆ.’ ಮುಂದುವರಿದರೆ ಅದು ಅಂತ್ಯ ಹೇಗೆ? ಟಿವಿಯಲ್ಲಿ ನಿಂತ ಕಥೆಯನ್ನು ಚಿತ್ರಮಂದಿರದಲ್ಲಿ ಮುಗಿಸುವ ಸಿನಿಮಾಕ್ಕೆ ಕನ್ನಡದಲ್ಲಿ ಒಂದೇ ಪದ ಇದೆಯೇ? ‘ಉತ್ತರಭಾಗ’, ‘ಉಪಸಂಹಾರ’, ‘ಸಮಾಪ್ತಿ’ ಇವುಗಳಲ್ಲಿ ಯಾವುದು ಹೊಂದೀತು? ಬಲ್ಲವರು ತಿಳಿಸಬೇಕಾಗಿ ವಿನಂತಿ.

ಉತ್ತರ:

ಮೊದಲು ವಾಕ್ಯದ ಮಾತು. ಅದಕ್ಕೆ ಹೊಸ ಪದ ಬೇಕಿಲ್ಲ ಸರ್, ಕ್ರಿಯಾಪದಕ್ಕೆ ಬಿಟ್ಟುಬಿಡಿ: ‘ಟಿವಿಯಲ್ಲಿ ಬಂದ ಕಥೆಯನ್ನು ಈ ಸಿನಿಮಾ ಮುಂದುವರಿಸಿ ಮುಗಿಸುತ್ತದೆ.’ ಎರಡು ಕೆಲಸ, ಒಂದರ ಹಿಂದೆ ಒಂದು. ಎರಡನ್ನೂ ಒಂದು ನಾಮಪದಕ್ಕೆ ತುರುಕಲು ಹೋಗಿ ‘ಮುಂದುವರಿದ ಅಂತ್ಯ’ ಹುಟ್ಟಿದೆ. ಸಾಲದ್ದಕ್ಕೆ ‘ಮುಂದುವರಿದ ದೇಶ’ದ ಅರ್ಥವೂ ಬಂದು ಪಕ್ಕದಲ್ಲಿ ಕೂರುತ್ತದೆ.

ನಾಮಪದ ಬೇಕಾಗುವುದು ಶೀರ್ಷಿಕೆಗೆ, ಪಟ್ಟಿಗೆ. ಅಲ್ಲಿಯ ತೊಡಕು ಕನ್ನಡದ್ದಲ್ಲ. ಜಪಾನಿ ಪೋಸ್ಟರಿನ ಮೇಲೆ ‘ಗೆಕಿಜೋಬಾನ್’ ಎಂದಿರುತ್ತದೆ. ಗೆಕಿಜೋ ಅಂದರೆ ಚಿತ್ರಮಂದಿರ, ಬಾನ್ ಅಂದರೆ ಆವೃತ್ತಿ. ಕಥೆ ಮುಂದೆ ಹೋಯಿತೇ, ಮುಗಿಯಿತೇ, ಹಳೆಯದನ್ನೇ ಕತ್ತರಿಸಿ ಅಂಟಿಸಿದ್ದಾರೆಯೇ ಎಂಬುದನ್ನು ಅದು ಹೇಳುವುದಿಲ್ಲ. ಹೇಳಬೇಕಾದದ್ದು ಹೆಸರಿನ ಕೊನೆಗೆ ಅಂಟುವ ‘ಹೆನ್’. ಹೆನ್ ಎಂದರೆ ಭಾಗ. ಅದೇ ಅಕ್ಷರಕ್ಕೆ ಹೆಣಿಗೆ ಎಂಬ ಅರ್ಥವೂ ಇದೆ. (ನಮ್ಮ ‘ಹೆಣೆ’ಗೂ ಅದಕ್ಕೂ ನಂಟಿಲ್ಲ, ಅದು ಚೀನೀ ಮೂಲದ್ದು. ನೆನಪಿಟ್ಟುಕೊಳ್ಳಲು ಮಾತ್ರ ಅನುಕೂಲ.) ನನ್ನ ಮಟ್ಟಿಗೆ ಹೆನ್‌ಗೆ ಹತ್ತಿರದ ಕನ್ನಡ ಪದ ‘ಪರ್ವ’. ‘ಕಂತು’ ಚಿಕ್ಕದಾಯಿತು, ‘ಭಾಗ’ ತೀರಾ ಸಪ್ಪೆ.

ಸೋಶೂಹೆನ್ ಎಂದರೆ ಟಿವಿ ಕಂತುಗಳನ್ನು ಕೂಡಿಸಿ ಕಿರಿದು ಮಾಡಿದ್ದು. ‘ಮೊಬೈಲ್ ಸೂಟ್ ಗುಂಡಮ್’ 1979–80ರಲ್ಲಿ 43 ಕಂತು ಬಂತು, 1981–82ರಲ್ಲಿ ಮೂರು ಸಿನಿಮಾಗಳಾಯಿತು. ಇದನ್ನು ‘ಸಂಕಲನ ಚಿತ್ರ’ ಎನ್ನಬೇಡಿ. ನಮ್ಮ ಟೈಟಲ್ ಕಾರ್ಡಿನಲ್ಲಿ ಸಂಕಲನ ಅಂದರೆ ಎಡಿಟಿಂಗ್. ‘ಸಂಗ್ರಹ’ ಸಾಕು; ದೊಡ್ಡ ಗ್ರಂಥದ ಕಿರಿದಾದ ರೂಪಕ್ಕೆ ಆ ಪದ ಮೊದಲಿನಿಂದಲೂ ಬಳಕೆಯಲ್ಲಿದೆ.

ಜೊಕುಹೆನ್ ಎಂದರೆ ಮುಂದಿನ ಕಥೆ. ಅದಕ್ಕೆ ‘ಉತ್ತರಕಥೆ’ ಚೆನ್ನಾಗಿದೆ. ‘ಉತ್ತರಭಾಗ’ ಬೇರೆ: ಪೂರ್ವಭಾಗವಿಲ್ಲದೆ ಅದು ನಿಲ್ಲದು. ಇದರ ವ್ಯತ್ಯಾಸ ಕಣ್ಣಿಗೆ ಬೀಳುವುದು ‘ಮಡೋಕಾ ಮಾಗಿಕಾ’ದಲ್ಲಿ. 2011ರಲ್ಲಿ ಬಂದದ್ದು 12 ಕಂತು. 2012ರ ಎರಡು ಸಿನಿಮಾಗಳಿಗೆ ಜೆಂಪೆನ್ (ಹೆನ್ ಇಲ್ಲಿ ಪೆನ್ ಆಗಿದೆ), ಕೋಹೆನ್ ಎಂದು ಹೆಸರು, ಅಂದರೆ ಪೂರ್ವಾರ್ಧ, ಉತ್ತರಾರ್ಧ. ಎರಡೂ ಸೇರಿ ಅದೇ 12 ಕಂತಿನ ಕಥೆ. 2013ರ ಸಿನಿಮಾಕ್ಕೆ ಶಿಂಪೆನ್, ‘ಹೊಸ ಪರ್ವ’. ಈ ಮೂರರಲ್ಲಿ ಟಿವಿ ಕಥೆ ಮುಗಿದ ಮೇಲಿನದ್ದು ಇದೊಂದೇ. ಇಂಗ್ಲಿಷಿನ ದಾರಿಯಲ್ಲಿ ಕನ್ನಡಕ್ಕೆ ತಂದರೆ ಇದು ‘ಮೂರನೇ ಭಾಗ’ ಆಗಿಬಿಡುತ್ತದೆ. ಎರಡು ಅರ್ಧ ಸೇರಿ ಪೂರ್ತಿಯಾದ ಮೇಲೆ ಮೂರನೆಯದು ಎಲ್ಲಿಂದ ಬರಬೇಕು?

ನೀವು ಕೇಳಿದ್ದು ಕಂಕೆತ್ಸುಹೆನ್, ಮುಗಿಸುವ ಪರ್ವ. ಇದಕ್ಕೆ ‘ಸಮಾಪ್ತಿ ಪರ್ವ’ ಎನ್ನಬಹುದು. ‘ಉಪಸಂಹಾರ’ ಬೇಡ, ವಿಷಯ ಮುಗಿದ ಮೇಲೆ ಅದನ್ನು ಕೂಡಿಸಿ ಹೇಳುವ ಮಾತು ಅದು, ಇಲ್ಲಿ ವಿಷಯವೇ ಇನ್ನೂ ಮುಗಿದಿಲ್ಲ. ‘ಪೂರೈಸು’ ಎಂಬ ಕ್ರಿಯಾಪದ ಸೊಗಸಾಗಿದೆ. ಗದಾಪರ್ವಕ್ಕೆ ನಿಂತ ಕುಮಾರವ್ಯಾಸನ ಭಾರತವನ್ನು ತಿಮ್ಮಣ್ಣ ಕವಿ ಅದೇ ಭಾಮಿನಿ ಷಟ್ಪದಿಯಲ್ಲಿ ಪೂರೈಸಿದ ಎನ್ನುತ್ತೇವಲ್ಲ, ಹಾಗೆ. ನಾಮಪದ ಮಾಡಿದಿರೋ ಕೆಟ್ಟಿತು: ‘ಪೂರೈಕೆ’ ಎಂದೊಡನೆ ನೀರು, ವಿದ್ಯುತ್ತು ನೆನಪಾಗುತ್ತವೆ.

ಒಂದು ಎಚ್ಚರಿಕೆ. ಸಮಾಪ್ತಿ ಎಂದು ಪೋಸ್ಟರಿನ ಮೇಲಿದ್ದ ಮಾತ್ರಕ್ಕೆ ನಂಬಬಾರದು. ‘ಸ್ಪೇಸ್ ಬ್ಯಾಟಲ್‌ಶಿಪ್ ಯಮಾಟೊ’ 1978ರ ಆಗಸ್ಟಿನ ಸಿನಿಮಾದಲ್ಲಿ ನಾಯಕನನ್ನೂ ಹಡಗನ್ನೂ ಬಲಿಕೊಟ್ಟು ವಿದಾಯ ಹೇಳಿತು. ಅದೇ ಅಕ್ಟೋಬರಿನಲ್ಲಿ ಶುರುವಾದ ಟಿವಿ ಸರಣಿ ಆ ಕಥೆಯನ್ನೇ ಮತ್ತೆ ಹೇಳಿ, ಕೊನೆ ಬದಲಿಸಿ ಅವರನ್ನು ಉಳಿಸಿಕೊಂಡಿತು. 1983ರಲ್ಲಿ ‘ಕಂಕೆತ್ಸುಹೆನ್’ ಎಂದೇ ಹೆಸರಿಟ್ಟು ಇನ್ನೊಂದು ಬಂತು. 2009ರಲ್ಲಿ ‘ಫುಕ್ಕಾತ್ಸುಹೆನ್’, ಪುನರುಜ್ಜೀವನ ಪರ್ವ! ‘ಗಿಂತಾಮಾ’ 2013ರಲ್ಲಿ ತನ್ನ ಸಿನಿಮಾಕ್ಕೆ ಕಂಕೆತ್ಸುಹೆನ್ ಎಂದಿತು, 2015ರಲ್ಲಿ ಟಿವಿಗೆ ಮರಳಿತು. ಹೆಸರಿನಲ್ಲಿರುವುದನ್ನು ಹೆಸರಾಗಿಯೇ ಅನುವಾದಿಸಿ. ನಿಮ್ಮ ವಿವರಣೆಯಲ್ಲಿ ‘ಕಥೆ ಇಲ್ಲಿಗೆ ಮುಗಿಯುತ್ತದೆ’ ಎಂದು ಬರೆಯುವ ಮೊದಲು ಮುಂದಿನ ವರ್ಷಗಳ ಪಟ್ಟಿ ನೋಡಿ.

ಸಿನಿಮಾ ಟಿವಿ ಕಥೆಗೆ ಎಲ್ಲಿ ಬೆಸೆದುಕೊಂಡಿದೆ ಎಂಬುದೂ ಪದವನ್ನು ಬದಲಿಸುತ್ತದೆ. ‘ಕೌಬಾಯ್ ಬೀಬಾಪ್’ನ 2001ರ ಸಿನಿಮಾ 22 ಮತ್ತು 23ನೇ ಕಂತುಗಳ ನಡುವೆ ನಡೆಯುತ್ತದೆ, ಅದು ‘ಉಪಕಥೆ’. ‘ಎವಾಂಗೆಲಿಯನ್’ 1996ರ ಮಾರ್ಚಿನಲ್ಲಿ 26 ಕಂತಿಗೆ ಮುಗಿಯಿತು. ಕೊನೆಯ ಎರಡು ಕಂತು ಬಹುಪಾಲು ಪಾತ್ರಗಳ ಮನಸ್ಸಿನೊಳಗೇ ನಡೆದವು. 1997ರ ಜುಲೈ ಸಿನಿಮಾ ಹೊರಗೆ ಏನಾಯಿತೆಂದು ತೋರಿಸಿತು, ಅದರ ಎರಡು ಅರ್ಧಗಳಿಗೆ 27, 28 ಎನ್ನದೆ 25′, 26′ ಎಂದು ಸಂಖ್ಯೆ ಕೊಟ್ಟಿತು. ಗಣಿತದ ತರಗತಿಯಲ್ಲಿ ‘ಡ್ಯಾಶ್’ ಎಂದು ಓದುವ ಆ ಗೀಟು ಇಲ್ಲಿ ಬಹಳ ಹೇಳುತ್ತದೆ. ಇದು ಮುಂದುವರಿಕೆಯಲ್ಲ, ಅದೇ ಜಾಗದ ಇನ್ನೊಂದು ಓದು. ಗ್ರಂಥಸಂಪಾದನೆಯವರ ‘ಪಾಠಾಂತರ’ಕ್ಕಿಂತ ಒಳ್ಳೆಯ ಪದ ನನಗೆ ಕಾಣದು.

ಪ್ರಶ್ನೆ:

ಪಾಠಾಂತರ ಒಪ್ಪಿದೆ ಮೇಡಂ. ಸಂಗ್ರಹವೋ ಹೊಸ ಕಥೆಯೋ ಎಂದು ಸಿನಿಮಾ ಪೂರ್ತಿ ನೋಡದೆ ತಿಳಿಯುವ ಉಪಾಯವಿದೆಯೇ? ನನ್ನ ಕೈಯಲ್ಲಿರುವುದು ‘ಫುಲ್‌ಮೆಟಲ್ ಆಲ್ಕೆಮಿಸ್ಟ್’ನ ಶಂಬಲ್ಲಾ ಸಿನಿಮಾ.

ಉತ್ತರ:

ಅಂದಾಜಿಗೆ ಒಂದು ಲೆಕ್ಕವಿದೆ. 24 ನಿಮಿಷದ ಕಂತಿನಲ್ಲಿ ಆರಂಭದ ಹಾಡು, ಕೊನೆಯ ಹಾಡು ತಲಾ ಒಂದೂವರೆ ನಿಮಿಷ. ಉಳಿದದ್ದು ಹೆಚ್ಚೆಂದರೆ 21 ನಿಮಿಷ. ಎರಡು ಗಂಟೆಯ ಸಿನಿಮಾದಲ್ಲಿ ಸುಮಾರು ಆರು ಕಂತಿನ ಕಥೆ ಹಿಡಿಸುತ್ತದೆ. ‘ಡೀಮನ್ ಸ್ಲೇಯರ್’ನ 2020ರ ರೈಲಿನ ಸಿನಿಮಾ 117 ನಿಮಿಷ, ಮರುವರ್ಷ ಅದನ್ನೇ ಟಿವಿಗೆ ಏಳು ಕಂತು ಮಾಡಿದಾಗ ಮೊದಲನೆಯದು ಹೊಸದು, ಉಳಿದ ಆರು ಸಿನಿಮಾದ್ದೇ. ಹಾಗಾಗಿ 25 ಕಂತಿನ ಕಥೆ ಒಂದೇ ಸಿನಿಮಾದಲ್ಲಿದೆ ಎಂದು ಯಾರಾದರೂ ಬರೆದಿದ್ದರೆ ಮುಕ್ಕಾಲು ಪಾಲು ಹೋಗಿದೆ ಎಂದೇ ಅರ್ಥ.

ಸಂಗ್ರಹ ಮಾಡುವಾಗ ಕಥೆಯನ್ನೇ ತಿದ್ದುವುದೂ ಉಂಟು, ಅನುವಾದಕರು ಎಡವುವುದು ಇಲ್ಲಿಯೇ. ‘ಕೋಡ್ ಗಿಯಾಸ್’ 50 ಕಂತನ್ನು 2017–18ರಲ್ಲಿ ಮೂರು ಸಿನಿಮಾ ಮಾಡಿದರು. ಟಿವಿಯಲ್ಲಿ ಸಾಯುವ ಶರ್ಲಿ ಅಲ್ಲಿ ಬದುಕಿದ್ದಾಳೆ. 2019ರ ಮುಂದಿನ ಸಿನಿಮಾ ಹಿಡಿದಿರುವುದು ಈ ಮೂರರ ಎಳೆಯನ್ನು. ಅದನ್ನು ‘ಟಿವಿ ಸರಣಿಯ ಮುಂದುವರಿಕೆ’ ಎಂದು ಬರೆದರೆ ಓದುಗರು ‘ಸತ್ತವಳು ಎದ್ದು ಬಂದಳೇ?’ ಎನ್ನುತ್ತಾರೆ.

ನಿಮ್ಮ ಸಿನಿಮಾಕ್ಕೂ ಇಂಥದೇ ಒಂದು ಗುಂಡಿ ಇದೆ. (ನೋಡದವರು ಇಲ್ಲಿಗೆ ಬಿಡಿ.) 51 ಕಂತಿನ ಸರಣಿ 2004ರ ಅಕ್ಟೋಬರಿನಲ್ಲಿ ಮುಗಿದಾಗ ಅಣ್ಣ ಎಡ್ವರ್ಡ್ ನಮ್ಮ ಲೋಕದಲ್ಲಿ, ತಮ್ಮ ಅಲ್ಫೋನ್ಸ್ ಕಥೆ ನಡೆಯುವ ಇನ್ನೊಂದು ಲೋಕದಲ್ಲಿ ಉಳಿದರು. 2005ರ ಸಿನಿಮಾ 1923ರ ಮ್ಯೂನಿಕ್‌ನಲ್ಲಿ ಕಥೆಯನ್ನು ಎತ್ತಿಕೊಂಡು ಅವರನ್ನು ಒಂದುಗೂಡಿಸಿ ನಿಲ್ಲುತ್ತದೆ. ಕಥೆ ಮುಂದುವರಿದು ಮುಗಿಯುವುದೆಂದರೆ ಇದೇ, ‘ಸಮಾಪ್ತಿ ಪರ್ವ’ ಎನ್ನಲು ಅಳುಕಬೇಕಿಲ್ಲ. ಆದರೆ 2009ರಲ್ಲಿ ಬಂದ 64 ಕಂತಿನ ‘ಬ್ರದರ್‌ಹುಡ್’ ಮೂಲ ಮಾಂಗಾವನ್ನು (ಜಪಾನಿ ಕಾಮಿಕ್ಸನ್ನು) ಅನುಸರಿಸಿ ಕಥೆಯನ್ನು ಮೊದಲಿನಿಂದ ಬೇರೆಯಾಗಿ ಹೇಳುತ್ತದೆ. ಅದನ್ನು ನೋಡಿ ಈ ಸಿನಿಮಾಕ್ಕೆ ಬಂದವರಿಗೆ ತಲೆಬುಡ ತಿಳಿಯದು. ಆದ್ದರಿಂದ ವಾಕ್ಯದಲ್ಲಿ ವರ್ಷ ಇರಲೇಬೇಕು: ‘2003–04ರ ಟಿವಿ ಸರಣಿಯ ಕಥೆಯನ್ನು ಈ ಸಿನಿಮಾ ಮುಂದುವರಿಸಿ ಮುಗಿಸುತ್ತದೆ.’

ಹಾಗೆಯೇ ‘ಶಂಬಲ್ಲಾ’ ಎಂದು ಇಂಗ್ಲಿಷ್ ಕಾಗುಣಿತದ ಹಿಂದೆ ಹೋಗಬೇಡಿ. ಕಲ್ಕಿ ಹುಟ್ಟುವ ಊರೆಂದು ಭಾಗವತ ಹೇಳುವ ಹೆಸರೇ ಅದು. ‘ಶಂಭಲ’ ಎಂದೇ ಬರೆಯಿರಿ.