ಪೊಲೀಸರು ಬಾರದ ‘ಶೋಲೆ’

‘ಶೋಲೆ’ ನೋಡಿದ್ದೇನೆ ಎಂದು ಶಾಮಣ್ಣನವರ ಎದುರು ಹೇಳುವ ಧೈರ್ಯ ನಮ್ಮ ಗುಂಪಿನಲ್ಲಿ ಯಾರಿಗೂ ಉಳಿದಿಲ್ಲ. ಹೇಳಿದೊಡನೆ ಅವರು ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ, ‘ಯಾವ ಶೋಲೆ?’ ಎಂದು ಕೇಳುತ್ತಾರೆ. ಕಳೆದ ಭಾನುವಾರ ಸಿಕ್ಕಿಬಿದ್ದವನು ಸೀನ. ‘ಇನ್ಯಾವುದು ಶಾಮಣ್ಣ? ನಮ್ಮ ರಾಮನಗರದ ಬೆಟ್ಟದಲ್ಲಿ ತೆಗೆದದ್ದು. ಅಮಿತಾಭ್ ಬಚ್ಚನ್ ಸಾಯುತ್ತಾನೆ, ಕೊನೆಯಲ್ಲಿ ಪೊಲೀಸರು ಬಂದು ಗಬ್ಬರ್ ಸಿಂಗನನ್ನು ಹಿಡಿದುಕೊಂಡು ಹೋಗುತ್ತಾರೆ’ ಎಂದು ಅವನು ಮುಗ್ಧವಾಗಿ ಉತ್ತರಿಸಿದ.

‘ಹಾಗಾದರೆ ನೀನು ನೋಡಿಲ್ಲ’ ಎಂದು ಶಾಮಣ್ಣ ತೀರ್ಪು ಕೊಟ್ಟರು.

ನಿರ್ದೇಶಕ ರಮೇಶ್ ಸಿಪ್ಪಿ ಅವರು ಮೊದಲು ಚಿತ್ರೀಕರಿಸಿದ ಕೊನೆಯಲ್ಲಿ ಪೊಲೀಸರ ಸುಳಿವೇ ಇರಲಿಲ್ಲವಂತೆ. ಎರಡೂ ತೋಳುಗಳನ್ನು ಕಳೆದುಕೊಂಡ ಠಾಕೂರ್, ಮೊಳೆ ಹೊಡೆಸಿದ ಪಾದರಕ್ಷೆಗಳನ್ನು ಮೆಟ್ಟಿಕೊಂಡು ಬಂದು ಗಬ್ಬರನನ್ನು ತಾನೇ ಮುಗಿಸುತ್ತಾನೆ. ಆದರೆ ಚಿತ್ರ ತೆರೆ ಕಂಡದ್ದು 1975ರ ಆಗಸ್ಟ್ 15ರಂದು, ತುರ್ತುಪರಿಸ್ಥಿತಿ ಜಾರಿಯಾಗಿ ಇನ್ನೂ ಎರಡು ತಿಂಗಳು ತುಂಬಿರಲಿಲ್ಲ. ಪೊಲೀಸ್ ಅಧಿಕಾರಿಯಾಗಿದ್ದವನೊಬ್ಬ ಕಾನೂನನ್ನು ಕೈಗೆ, ಅವನಿಗೆ ಕೈಯಿಲ್ಲದ್ದರಿಂದ ಕಾಲಿಗೆ, ತೆಗೆದುಕೊಳ್ಳುವುದನ್ನು ಸೆನ್ಸಾರ್ ಮಂಡಳಿ ಒಪ್ಪಲಿಲ್ಲ. ಸಿಪ್ಪಿ ಅವರು ವಾದಿಸಿ ಸೋತು, ಠಾಕೂರ್ ಇನ್ನೇನು ಕೊಲ್ಲಬೇಕೆನ್ನುವ ಗಳಿಗೆಯಲ್ಲಿ ಪೊಲೀಸರು ಬಂದು ತಡೆಯುವಂತೆ ಕೊನೆಯನ್ನು ಮತ್ತೆ ಚಿತ್ರೀಕರಿಸಬೇಕಾಯಿತು.

‘ನನಗೆ ಆಗಲೇ ಅನುಮಾನವಿತ್ತು’ ಎಂದರು ಮೇಷ್ಟ್ರು. ‘ಅಷ್ಟು ಸರಿಯಾದ ಹೊತ್ತಿಗೆ ಬಂದ ಪೊಲೀಸರು ತಾವಾಗಿಯೇ ಬಂದವರಂತೆ ಕಾಣುತ್ತಿರಲಿಲ್ಲ.’

ಊರಿನ ಇಮಾಮ್ ಸಾಹೇಬರ ಮಗನನ್ನು ಗಬ್ಬರ್ ಕೊಲ್ಲುವ ದೃಶ್ಯಕ್ಕೂ ಕತ್ತರಿ ಬಿದ್ದಿತ್ತು. ಚಿತ್ರಮಂದಿರದಲ್ಲಿ ನಾವು ಕಂಡದ್ದು ಗಬ್ಬರ್ ತನ್ನ ತೋಳಿನ ಮೇಲೆ ಹರಿಯುತ್ತಿದ್ದ ಇರುವೆಯನ್ನು ಹೊಸಕುವುದನ್ನು, ಆಮೇಲೆ ಹುಡುಗನ ಹೆಣವನ್ನು ಹೊತ್ತು ಊರಿಗೆ ಬರುವ ಕುದುರೆಯನ್ನು ಮಾತ್ರ. ಪೂರ್ತಿ ಕೊಲೆಗಿಂತ ಆ ಇರುವೆಯೇ ಹೆಚ್ಚು ನಡುಕ ಹುಟ್ಟಿಸುತ್ತದೆ ಎಂಬುದು ನನ್ನ ಅಭಿಪ್ರಾಯ. ಅದನ್ನು ಶಾಮಣ್ಣನವರ ಮುಂದೆ ಆಡಿ, ಅವರು ಕೊಡಿಸುವ ಕಾಫಿಯನ್ನು ಕಳೆದುಕೊಳ್ಳಲು ನಾನು ಸಿದ್ಧನಿಲ್ಲ.

ಕತ್ತರಿ ಬೀಳದ ಪ್ರತಿ 1990ರಲ್ಲಿ ಬ್ರಿಟನ್ನಿನಲ್ಲಿ ವಿಎಚ್ಎಸ್ ಕ್ಯಾಸೆಟ್ಟಾಗಿ ಹೊರಬಂತು. ಶಾಮಣ್ಣನವರ ಷಡ್ಡಕರು ಆಗ ಲಂಡನ್ನಿನಲ್ಲಿದ್ದರು. ಊರಿಗೆ ಬರುವಾಗ ಏನು ತರಲಿ ಎಂದು ಅವರು ಸೌಜನ್ಯಕ್ಕೆ ಕೇಳಿದ್ದೇ ತಪ್ಪಾಯಿತು. ಅವರು ತಂದದ್ದು ಮೂಲ ಕ್ಯಾಸೆಟ್ಟಲ್ಲ, ಯಾರೋ ಇಳಿಸಿಕೊಂಡಿದ್ದುದರಿಂದ ಇನ್ಯಾರೋ ಇಳಿಸಿಕೊಂಡ ಪ್ರತಿ. ಇಂಥ ಪ್ರತಿಗಳಿಗೆ ಒಂದು ವಿಚಿತ್ರ ಧರ್ಮವಿದೆ: ಜನ ಹಿಂದಕ್ಕೆ ಸುತ್ತಿ ಸುತ್ತಿ ನೋಡಿದ ಭಾಗವೇ ಎಲ್ಲಕ್ಕಿಂತ ಮೊದಲು ಸವೆಯುತ್ತದೆ. ಹೀಗಾಗಿ ಸೆನ್ಸಾರ್ ಮಂಡಳಿ ಕತ್ತರಿಸಿದ ದೃಶ್ಯಗಳನ್ನೇ ಅಭಿಮಾನಿಗಳು ತಮ್ಮ ಕೈಯಾರೆ ಅಳಿಸಿ ಹಾಕಿದ್ದರು. ಶಾಮಣ್ಣ ಚಿತ್ರದ ಕಲಕನ್ನು ಸರಿಪಡಿಸುವ ಟ್ರ್ಯಾಕಿಂಗ್ ಗುಂಡಿಯನ್ನು ಅತ್ತಿತ್ತ ತಿರುಗಿಸುತ್ತಿದ್ದಾಗ ಪರದೆಯ ಮೇಲೆ ಬಿಳಿಯ ಗೆರೆಗಳ ಹಿಂದೆ ಯಾರೋ ಯಾರನ್ನೋ ತುಳಿಯುತ್ತಿದ್ದರು. ಸತ್ತವನು ಗಬ್ಬರ್ ಎಂಬುದನ್ನು ನಾವು ಅವರ ಮಾತಿನ ಮೇಲೆ ನಂಬಿದೆವು.

ಆಮೇಲೆ ಡಿವಿಡಿ ಬಂತು; ಸುಖ ಬರಲಿಲ್ಲ. ಒಂದು ಡಿವಿಡಿಯಲ್ಲಿ 204 ನಿಮಿಷದ ನಿರ್ದೇಶಕರ ಆವೃತ್ತಿ ಇತ್ತು, ಆದರೆ ಅದು ಚೌಕಾಕಾರದ ಪರದೆಯದು; ಇನ್ನೊಂದರಲ್ಲಿ ಅಗಲ ಪರದೆ ಇತ್ತು, ಆದರೆ ಅದು 198 ನಿಮಿಷದ ಸೆನ್ಸಾರಾದ ಆವೃತ್ತಿ. ಚಿತ್ರವನ್ನು 35 ಮಿ.ಮೀ. ಫಿಲ್ಮಿನಲ್ಲಿ ತೆಗೆದು, ಮೇಲೆ ಕೆಳಗೆ ಕತ್ತರಿಸಿ, 70 ಮಿ.ಮೀ.ಗೆ ಹಿಗ್ಗಿಸಿದ್ದರಿಂದ ಉಂಟಾದ ಇಕ್ಕಟ್ಟು ಇದು.

‘ಅಂದರೆ ಚೌಕದ ಪರದೆಯಲ್ಲಿ ನಮ್ಮ ರಾಮದೇವರ ಬೆಟ್ಟ ಇನ್ನಷ್ಟು ಕಾಣುತ್ತದೆಯೇ?’ ಎಂದು ಸೀನ ಕೇಳಿದ.

‘ಕಾಣುತ್ತದೆ. ಆದರೆ ಅದು ನಿರ್ದೇಶಕರು ನಮಗೆ ತೋರಿಸಬೇಕೆಂದುಕೊಂಡಿರದ ಬೆಟ್ಟ’ ಎಂದರು ಶಾಮಣ್ಣ.

ಒಂದರಲ್ಲಿ ಗಬ್ಬರ್ ಉಳಿದುಕೊಂಡು ಬೆಟ್ಟದ ತಲೆ ಹೋಗುವುದಾದರೆ, ಇನ್ನೊಂದರಲ್ಲಿ ಬೆಟ್ಟ ಉಳಿದುಕೊಂಡು ಗಬ್ಬರ್ ಹೋಗುವುದಾದರೆ, ಕನ್ನಡಿಗರಾದವರು ಎರಡನೆಯದರ ಪಕ್ಷ ವಹಿಸಬೇಕೆಂದು ಮೇಷ್ಟ್ರು ನಿರ್ಣಯ ಮಂಡಿಸಿದರು. ಶಾಮಣ್ಣ ಯಾವ ಪಕ್ಷವನ್ನೂ ವಹಿಸದೆ ಎರಡನ್ನೂ ಕೊಂಡಿದ್ದಾರೆ.

ನಿಮಿಷಗಳ ಲೆಕ್ಕ ನೋಡಿ ಪೂರ್ತಿ ಪ್ರತಿಯನ್ನು ಗುರುತಿಸಬಹುದಲ್ಲ ಎಂದು ಸೀನ ಬಾಯಿಬಿಟ್ಟದ್ದು ಮೇಷ್ಟ್ರಿಗೆ ಹಬ್ಬವಾಯಿತು. ಚಿತ್ರಮಂದಿರದಲ್ಲಿ ಸೆಕೆಂಡಿಗೆ 24 ಚೌಕಟ್ಟುಗಳು ಓಡುತ್ತವೆ. ಬ್ರಿಟನ್ನಿನಲ್ಲೂ ನಮ್ಮಲ್ಲೂ ಇದ್ದ ‘ಪಾಲ್’ ಎಂಬ ಟಿವಿ ಪದ್ಧತಿಯ ವಿಡಿಯೋದಲ್ಲಿ ಅವನ್ನೇ ಸಾಮಾನ್ಯವಾಗಿ 25ರಂತೆ ಓಡಿಸುತ್ತಿದ್ದರು. ಹೋಟೆಲಿನ ಬಿಲ್ಲಿನ ಹಿಂದೆ ಗುಣಾಕಾರ, ಭಾಗಾಕಾರ ಮುಗಿಸಿ ಅವರು ಘೋಷಿಸಿದರು: ‘204 ನಿಮಿಷದ ಚಿತ್ರ ಹೀಗೆ ಓಡಿದರೆ ಸುಮಾರು 196 ನಿಮಿಷಕ್ಕೆ ಮುಗಿಯುತ್ತದೆ. ಅಂದರೆ ಒಂದು ಚೌಕಟ್ಟನ್ನೂ ಕತ್ತರಿಸದ ಪ್ರತಿ, ಕತ್ತರಿಸಿದ 198 ನಿಮಿಷದ ಪ್ರತಿಗಿಂತ ಬೇಗ ಮುಗಿಯಬಹುದು. ಜೊತೆಗೆ ಶ್ರುತಿಯೂ ಏರುತ್ತದೆ, ಒಂದು ಸ್ವರಸ್ಥಾನಕ್ಕೆ ಸ್ವಲ್ಪ ಕಡಿಮೆ. ಗಬ್ಬರ್ ಆಗಿದ್ದ ಅಮ್ಜದ್ ಖಾನರ ಕಂಠಕ್ಕೆ ಅದು ಅಪಚಾರ.’ ಎರಡು ನಿಮಿಷ ಕಡಿಮೆಯಿದೆ ಎಂಬ ಕಾರಣಕ್ಕೆ ಯಾವುದೋ ಅಂಗಡಿಯಲ್ಲಿ ಒಳ್ಳೆಯ ಕ್ಯಾಸೆಟ್ಟೊಂದನ್ನು ಕೊಳ್ಳದೆ ಬಂದದ್ದು ನೆನಪಾಗಿಯೋ ಏನೋ, ಶಾಮಣ್ಣನವರ ಮುಖ ಸಪ್ಪಗಾಯಿತು.

ಚಿತ್ರಮಂದಿರದಲ್ಲಿ ಶಾಮಣ್ಣನವರ ಪಕ್ಕ ಕುಳಿತವರಿಗೆ ಅವರ ಇನ್ನೊಂದು ಅಭ್ಯಾಸ ಗೊತ್ತು. ನಾವೆಲ್ಲ ಸೀಟು ಹುಡುಕುತ್ತಿರುವಾಗ ಅವರು ಸೆನ್ಸಾರ್ ಪ್ರಮಾಣಪತ್ರವನ್ನು ಓದುತ್ತಿರುತ್ತಾರೆ. ಹಳೆಯ ಪತ್ರದ ಕೆಳಮೂಲೆಯಲ್ಲಿ ಪುಟ್ಟ ತ್ರಿಕೋನವಿದ್ದರೆ ಚಿತ್ರಕ್ಕೆ ಕತ್ತರಿ ಬಿದ್ದಿದೆ ಎಂದರ್ಥ. ಮೀಟರುಗಳಲ್ಲಿ ಕೊಟ್ಟಿರುವ ಉದ್ದವನ್ನು 27.4ರಿಂದ ಭಾಗಿಸಿದರೆ ನಿಮಿಷಗಳು ಸಿಗುತ್ತವೆ. ಭಾಗಾಕಾರ ಮುಗಿಯುವ ಹೊತ್ತಿಗೆ ನಾಯಕನ ಪ್ರವೇಶವೂ ಮುಗಿದಿರುತ್ತದೆ.

‘ಈ ಕತ್ತರಿ ನಮ್ಮ ದೇಶಕ್ಕೆ ಮಾತ್ರ ಅಂಟಿದ ರೋಗವೇ?’ ಎಂದು ನಾನು ಕೇಳಿದೆ. ಗಬ್ಬರನನ್ನು ಸಾಯಲು ಬಿಟ್ಟ ಅದೇ ಬ್ರಿಟನ್ನಿನಲ್ಲಿ ಬ್ರೂಸ್ ಲೀಯ ‘ಎಂಟರ್ ದಿ ಡ್ರ್ಯಾಗನ್’ ಚಿತ್ರದ ನಂಚಾಕು ದೃಶ್ಯಗಳಿಗೆ ವರ್ಷಗಟ್ಟಲೆ ನಿಷೇಧವಿತ್ತೆಂದು ಶಾಮಣ್ಣ ಹೇಳಿದರು. ಸರಪಳಿಯಿಂದ ಜೋಡಿಸಿದ ಎರಡು ಕೋಲುಗಳನ್ನು ಕಂಡು ಮಕ್ಕಳು ಕೆಡುತ್ತಾರೆಂದು ಅಲ್ಲಿನ ಸೆನ್ಸಾರಿನ ಮುಖ್ಯಸ್ಥರಾಗಿದ್ದ ಜೇಮ್ಸ್ ಫರ್ಮನ್ ಅವರಿಗೆ ಭಯ. ನಿಂಜಾ ಆಮೆಗಳ ಎರಡನೆಯ ಚಿತ್ರದಲ್ಲಿ ಆಮೆಯೊಂದು ಸಾಸೇಜಿನ ಸರವನ್ನು ನಂಚಾಕುವಿನಂತೆ ಬೀಸಿದ್ದಕ್ಕೂ ಕತ್ತರಿ ಬಿತ್ತು. ಫರ್ಮನ್ 1999ರಲ್ಲಿ ನಿವೃತ್ತರಾದ ಮೇಲೆ, 2001ರಲ್ಲಿ ಬ್ರೂಸ್ ಲೀಗೆ ಅವನ ಕೋಲುಗಳು ಮರಳಿ ದೊರೆತವು.

‘ತಿಂಡಿಯನ್ನೂ ಬಿಡಲಿಲ್ಲವೇ?’ ಎಂದು ಸೀನ ತನ್ನ ತಟ್ಟೆಯ ಕೋಡುಬಳೆಯನ್ನು ಅನುಮಾನದಿಂದ ನೋಡಿದ.

ಈಗ ಶಾಮಣ್ಣನವರಿಗೆ ಹೊಸ ದುಃಖ ಶುರುವಾಗಿದೆ. ಬ್ರಿಟನ್ನಿನ ಗೋದಾಮೊಂದರಲ್ಲಿ ಸಿಕ್ಕ ಫಿಲ್ಮುಗಳ ನೆರವಿನಿಂದ ‘ಶೋಲೆ’ಯನ್ನು ಪುನರುದ್ಧಾರ ಮಾಡಿ, 2025ರ ಜೂನಿನಲ್ಲಿ ಇಟಲಿಯ ಬೊಲೊನ್ಯಾದ ಬಯಲಿನಲ್ಲಿ ತೋರಿಸಿದರು, ಡಿಸೆಂಬರಿನಲ್ಲಿ ಅದು ನಮ್ಮ ಚಿತ್ರಮಂದಿರಗಳಿಗೂ ಬಂತು. ಮೂಲದ ಕೊನೆಯೂ ಇದೆ, 70 ಮಿ.ಮೀ.ಯ ಅಗಲವೂ ಇದೆ. ಜೀವಮಾನವಿಡೀ ಬೇಡಿದ ವರ ಸಿಕ್ಕಿದ ಭಕ್ತನಂತೆ ಅವರು ಕುಣಿಯುತ್ತಾರೆಂದು ನಾವು ಎಣಿಸಿದ್ದೆವು.

‘ಏನು ಪ್ರಯೋಜನ?’ ಎಂದರು. ‘ಷಡ್ಡಕರನ್ನು ಪೀಡಿಸದೆ, ಟ್ರ್ಯಾಕಿಂಗ್ ತಿರುಗಿಸದೆ, ಪಾಪ್‌ಕಾರ್ನ್ ತಿನ್ನುತ್ತ ಎಲ್ಲರೂ ನೋಡಿಬಿಟ್ಟರು. ಇನ್ನು ಹತ್ತು ವರ್ಷಕ್ಕೆ ಪೊಲೀಸರು ಬರುವ ಶೋಲೆಯೇ ಯಾರಿಗೂ ಸಿಗುವುದಿಲ್ಲ. ನಾವು ಟೆಂಟಿನಲ್ಲಿ ಕುಳಿತು ಶಿಳ್ಳೆ ಹೊಡೆದದ್ದು ಅದಕ್ಕೇ ಅಲ್ಲವೇ? ನನ್ನ ಅಗಲ ಪರದೆಯ ಡಿವಿಡಿ ಬೇರೆ ಗೀರುಬಿದ್ದು ಜೈಲಿನ ದೃಶ್ಯದಲ್ಲಿಯೇ ನಿಂತುಹೋಗುತ್ತದೆ.’

ತನ್ನ ಅಟ್ಟದ ಮೇಲೆ ಮೂರು ವಿಸಿಡಿಗಳ ಪೆಟ್ಟಿಗೆಯೊಂದಿದೆ, ಅದರಲ್ಲಿ ಪೊಲೀಸರು ಖಂಡಿತವಾಗಿ ಬರುತ್ತಾರೆ ಎಂದು ಸೀನ ಮೆಲ್ಲಗೆ ತಿಳಿಸಿದ. ಶಾಮಣ್ಣ ಕುರ್ಚಿಯನ್ನು ಅವನ ಹತ್ತಿರಕ್ಕೆ ಎಳೆದುಕೊಂಡು ಎಷ್ಟು ನಿಮಿಷದ್ದು ಎಂದು ಕೇಳಿದರು. ಮೇಷ್ಟ್ರು ಇನ್ನೊಂದು ಬಿಲ್ಲಿಗಾಗಿ ಮಾಣಿಯನ್ನು ಕರೆದರು. ಸೀನ ಮಾತ್ರ ನಿಮಿಷಗಳ ವಿಷಯ ಆಮೇಲೆ ನೋಡೋಣ, ಮೊದಲು ಬೆಲೆ ಮಾತಾಡೋಣ ಎಂದ.